ಕೆಂಪಿಯ ಮೊಟ್ಟೆ

ಹಿಲ್ಡಕ್ಕಾ,

ಕುವೈತಿನಲ್ಲೂ ಹಲ್ಲು ಕಟಕಟಿಸುವ ಚಳಿ. ಹಗಲು ಚಿಕ್ಕದಾಗಿ, ನಾನು ಕೆಲಸ ಮಾಡುವ ಮನೆಯ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದ್ದವು. ನೀನು ಹೇಳಿದಂತೆ ಗೂಡಿಗೆ ಬಲ್ಬು ಹಾಕಿದೆ. ಮುದಿ ಕೆಂಪಿಯೊಂದನ್ನು ಬಿಟ್ಟು ಎಲ್ಲವೂ ಮತ್ತೆ ಇಡತೊಡಗಿದವು. “ಇಡದ ಕೋಳಿ ಖಲಾಸ್, ಶುಕ್ರವಾರ ಕೊಯ್ಯಿ” ಎಂದರು ಯಜಮಾನರ ತಾಯಿ. ಮನಸ್ಸಾಗದೆ ಬೇರೆ ಕೋಳಿಯ ಮೊಟ್ಟೆಯನ್ನು ಕೆಂಪಿಯ ಕೆಳಗಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ, ಇಟ್ಟದ್ದು ಬಿಳಿಯದು! ಕೆಂಪಿ ಇಡುತ್ತಿದ್ದದ್ದು ಯಾವಾಗಲೂ ಕಂದು ಮೊಟ್ಟೆ. ಮುದುಕಿ ಅದನ್ನೂ ನನ್ನನ್ನೂ ನೋಡಿ ಒಳಗೆ ಹೋದರು.

ನನ್ನ ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳು.

ಇವತ್ತು ಶುಕ್ರವಾರ. ನಾನು ಗೂಡಿಗೆ ಹೋಗುವ ಮೊದಲೇ ಕೆಂಪಿ ಒಂದು ಕಂದು ಮೊಟ್ಟೆಯ ಮೇಲೆ ಕೂತಿತ್ತು. ಮುಟ್ಟಿದೆ. ಆಗಷ್ಟೇ ಫ್ರಿಜ್ಜಿನಿಂದ ತೆಗೆದಂತೆ ತಣ್ಣಗಿತ್ತು.

ಜುಲಿಯಾನಾ