ಕುರ್ಚಿ ಹೆಣೆಯಲು ಬಾರದವನಿಗೆ ಪ್ರಥಮ ದರ್ಜೆ

ಕುಶಲಕರ್ಮಿಗಳಿಗೆ ಅರ್ಹತಾಪತ್ರ ದಯಪಾಲಿಸುವ ಮಾನ್ಯ ಅಧಿಕಾರಿಗಳೇ,

ಬೆತ್ತದ ಕುರ್ಚಿ ಹೆಣೆಯುವ ವಿದ್ಯೆಯಲ್ಲಿ ತಾವು ನನಗೆ ಪ್ರಥಮ ದರ್ಜೆ ಕೊಟ್ಟಿದ್ದೀರಿ. ದಯಮಾಡಿ ಅದನ್ನು ಹಿಂದಕ್ಕೆ ಪಡೆಯಿರಿ. ನನಗೆ ಕುರ್ಚಿಯ ಮೇಲೆ ಕೂರಲು ಮಾತ್ರ ಬರುತ್ತದೆ.

ಹೆಣೆಯುವವರು ನನ್ನ ಹೆಂಡತಿಯ ತಾಯಿ, ನಮ್ಮ ಅತ್ತೆಯವರು. ಮೂವತ್ತು ವರ್ಷಗಳಿಂದ ಊರಿನ ಆಸ್ಪತ್ರೆಯ ಕುರ್ಚಿಗಳೆಲ್ಲ ಅವರ ಕೈಯವೇ. ಅರ್ಹತಾಪತ್ರವಿಲ್ಲದವರಿಗೆ ಇನ್ನು ಕೆಲಸವಿಲ್ಲವೆಂದು ತಮ್ಮ ಕಚೇರಿ ಸುತ್ತೋಲೆ ಹೊರಡಿಸಿತು. ಅದಕ್ಕೊಂದು ಲಿಖಿತ ಪರೀಕ್ಷೆ. ಅತ್ತೆಯವರಿಗೆ ಓದು ಬರಹ ಬಾರದು. ಪ್ರಶ್ನೆ ಓದಿ ಹೇಳಿ, ಉತ್ತರ ಬರೆದುಕೊಡೋಣವೆಂದು ನಾನೂ ಅರ್ಜಿ ಹಾಕಿ ಪಕ್ಕದಲ್ಲಿ ಕುಳಿತೆ. ಬಾಯಿ ತೆರೆಯುವಷ್ಟರಲ್ಲಿ ಮೇಲ್ವಿಚಾರಕರು, "ಮಾತಾಡಿದ್ರೆ ಇಬ್ರನ್ನೂ ಎಬ್ಬಿಸ್ತೀನಿ" ಎಂದರು. ಸುಮ್ಮನೆ ಕೂರಲಾರದೆ ಬರೆದೆ. ಹತ್ತೊಂಬತ್ತು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಗೊತ್ತಿಲ್ಲದ ವಿಷಯದ ಮೇಲೆ ಬರೆಯುವುದು ನೀರು ಕುಡಿದಷ್ಟು ಸುಲಭ. 'ಬೆತ್ತವನ್ನು ನೆನೆಸುವುದೇಕೆ?' ಎಂಬುದಕ್ಕೇ ಒಂದು ಪುಟವಾಯಿತು. ಹೊರಗೆ ಬಂದು ಅತ್ತೆಯವರಿಗೆ ಹೇಳಿದರೆ, "ನೆನೆಸ್ದೇ ಇದ್ರೆ ಮುರಿಯುತ್ತೆ. ಅದ್ರಲ್ಲಿ ಬರೆಯೋದೇನಿದೆ?" ಎಂದರು. ಹೆಣೆದು ತೋರಿಸುವ ಪರೀಕ್ಷೆಯನ್ನು ತಾವು ಸಮಯಾಭಾವದಿಂದ ಕೈಬಿಟ್ಟಿದ್ದಿರಲ್ಲ? ಅವರು ನಪಾಸಾದರು.

ಆಸ್ಪತ್ರೆಯ ಇಪ್ಪತ್ತನಾಲ್ಕು ಕುರ್ಚಿಗಳ ಕೆಲಸ ನನ್ನ ಹೆಸರಿಗೆ ಬಂತು. "ಪಾಸಾದವ್ರೇ ಹೆಣೀಲಿ" ಎಂದು ಅತ್ತೆಯವರು ಬೆತ್ತದ ಕಟ್ಟನ್ನು ನನ್ನ ಮುಂದೆ ಒಗೆದರು. ನಾಲ್ಕು ದಿನ ಬೆರಳು ಕುಯ್ದುಕೊಂಡು ಒಂದನ್ನು ಮುಗಿಸಿದೆ. ಆಸ್ಪತ್ರೆಯ ಉಗ್ರಾಣದವರು ಪರೀಕ್ಷಿಸಲೆಂದು ಕೂತರು, ಕೂತವರು ಹಾಗೇ ಕೆಳಕ್ಕಿಳಿದರು, ಮೊಣಕಾಲು ಗಲ್ಲಕ್ಕೆ ತಾಗಿತು. ಇಬ್ಬರು ಹಿಡಿದೆತ್ತಿದ ಮೇಲೆ ನನ್ನ ಅರ್ಹತಾಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮೊಹರು ಸರಿಯಾಗೇ ಇದೆ. ಕುರ್ಚೀದೇ ಏನೋ ದೋಷ" ಎಂದರು.

ಕೊನೆಗೆ ಅತ್ತೆಯವರೇ ಅದನ್ನು ಬಿಚ್ಚಿ, ಇಪ್ಪತ್ತನಾಲ್ಕು ಕುರ್ಚಿಗಳನ್ನೂ ಹೆಣೆದರು. ಆಸ್ಪತ್ರೆಯ ರಸೀದಿಯಲ್ಲಿ 'ತಯಾರಿಸಿದವರು' ಎಂಬಲ್ಲಿ ನಾನು ಸಹಿ ಹಾಕಿದೆ. ಕೆಸರಾದದ್ದು ಅವರ ಕೈ, ಮೊಸರು ನನ್ನ ಬಾಯಿಗೆ. ಪಕ್ಕದಲ್ಲೇ ನಿಂತಿದ್ದ ಅವರು ಮೆಲ್ಲಗೆ, "ಮಗಳನ್ನೇ ಕೊಟ್ಟಾಯ್ತು ಅಳಿಯಂದ್ರೇ. ಹೆಸರೇನು ಮಹಾ, ಅದನ್ನೂ ಇಟ್ಕೊಳ್ಳಿ" ಎಂದರು.

ಪರೀಕ್ಷೆಯೇ ಬೇಡ ಎನ್ನುವವನಲ್ಲ ನಾನು. ಗುರುತಿಲ್ಲದ ಕೈಯನ್ನು ನಂಬಲು ಜನರಿಗೆ ಏನಾದರೊಂದು ಆಧಾರ ಬೇಕೇ ಬೇಕು. ಆದರೆ ಕೈಕೆಲಸದ ಪರೀಕ್ಷೆಯಲ್ಲಿ ಕೈಯೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಪರೀಕ್ಷಿಸುವುದು ಯಾವ ನ್ಯಾಯ? ನನ್ನ ಅರ್ಹತಾಪತ್ರವನ್ನು ಲಗತ್ತಿಸಿದ್ದೇನೆ, ರದ್ದುಮಾಡಿ. ಅತ್ತೆಯವರ ಮುಂದೆ ಒಂದು ಖಾಲಿ ಚೌಕಟ್ಟು, ಒಂದು ಕಟ್ಟು ಬೆತ್ತ ಇಡಿಸಿ. ಹೆಣೆದು ಮುಗಿಸಿದ ಮೇಲೆ ತಾವೇ ಖುದ್ದಾಗಿ ಕೂತು ಅಂಕ ಕೊಡಿ.

ಇಂತಿ,
ಮನೆಯಲ್ಲಿ ತಲೆಯೆತ್ತಿ ಓಡಾಡಲಾಗದ,
ಪ್ರಥಮ ದರ್ಜೆಯಲ್ಲಿ ಪಾಸಾದ ಒಬ್ಬ ಅಳಿಯ