ಈರಬಸಪ್ಪನವರ ಎದೆಯ ಪಂಪು

ಇಳಕಲ್, ೨೨೧೮ನೇ ಇಸವಿ, ಎರಡನೆಯ ಬೇಸಿಗೆ

ಪೂಜ್ಯ ಗುರುಸಿದ್ಧವ್ವ ಅಜ್ಜಿಯವರಿಗೆ,

ನಿಮಗಿಂತ ಇನ್ನೂರು ವರ್ಷ ಮುಂದಿನ, ನಿಮ್ಮ ಕಾಲಕ್ಕೆ ಇನ್ನೂ ಹುಟ್ಟದವಳ ಕಾಗದವಿದು. ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ಹಗಲೆಲ್ಲ ನೆಲಮನೆಯಲ್ಲಿ, ಅಂದರೆ ಮಣ್ಣಿನಡಿಯ ತಂಪು ಕೋಣೆಗಳಲ್ಲಿ, ಮಗ್ಗ ನಡೆಸುತ್ತೇವೆ. ನಾವು ನೇಯುವುದು ಬಿಸಿಲುಕುಪ್ಪಸ. ಮುಂಜಾನೆಯ ಎಳೆಬಿಸಿಲನ್ನು ಹೀರಿಟ್ಟುಕೊಂಡು, ಸೋತ ಹೃದಯಕ್ಕೆ ನೆರವಾಗಿ ರಕ್ತ ಹರಿಸುವ ಎದೆಯೊಳಗಿನ ಪಂಪಿಗೆ ದಿನವಿಡೀ ವಿದ್ಯುತ್ತು ಕೊಡುವ ಬಟ್ಟೆ ಅದು. ಆ ಪಂಪನ್ನು ನಾವು ಎದೆರಾಟೆ ಎನ್ನುತ್ತೇವೆ.

ನನ್ನ ಅಕ್ಕ ಶಾಂಭವಿಗೆ ಹೃದಯ ಸೋತಿತ್ತು. ದಿಂಬಿಗೆ ತಲೆ ಕೊಟ್ಟರೆ ಉಸಿರು ಕಟ್ಟುತ್ತಿತ್ತು. ಜೊತೆಗೆ ಸಕ್ಕರೆ ಕಾಯಿಲೆ; ಎಷ್ಟು ಇನ್ಸುಲಿನ್ ಚುಚ್ಚಿದರೂ ಸಕ್ಕರೆ ಇಳಿಯುತ್ತಿರಲಿಲ್ಲ. ರಾಟೆ ಕೂರಿಸಿದ ಮೇಲೆ ಚೇತರಿಸಿಕೊಂಡು ಮಗ್ಗಕ್ಕೆ ಕೂತಳು. ನಾವು ಹಿಗ್ಗಿದೆವು. ಇನ್ಸುಲಿನ್ ಮಾತ್ರ ಹಳೆಯ ಪ್ರಮಾಣದಲ್ಲೇ ನಡೆದಿತ್ತು.

ಒಂದು ಮಧ್ಯಾಹ್ನ ಅಕ್ಕ ಬೆವತು, ನನ್ನನ್ನು ಅವ್ವ ಎಂದು ಕರೆಯತೊಡಗಿದಳು. ಅವಳ ಗಂಡ ನಾಗಭೂಷಣ ಮಾಮಾ ಮಣಿಕಟ್ಟು ಹಿಡಿದು ನೋಡಿದರು. ರಾಟೆ ಬಡಿಯದೆ ಒಂದೇ ಸಮ ತಿರುಗುವುದರಿಂದ ರಾಟೆಯವರಿಗೆ ನಾಡಿ ಸಿಗುವುದಿಲ್ಲವೆಂಬುದು ಗಾಬರಿಯಲ್ಲಿ ಅವರಿಗೆ ಮರೆತಿತ್ತು. "ರಾಟಿ ನಿಂತೈತಿ, ಬಿಸಿಲಿಗೆ ಒಯ್ಯೋಣು" ಎಂದು ಅವಳನ್ನು ಎತ್ತಿಕೊಂಡು ಮೆಟ್ಟಿಲತ್ತ ಓಡಿದರು. ಆ ಬಿಸಿಲಿಗೆ ಗಟ್ಟಿ ಜೀವವೂ ನಿಲ್ಲುವುದಿಲ್ಲ.

ನಾನು ಅಡ್ಡ ನಿಂತು ಎದೆಗೆ ಕಿವಿಯಿಟ್ಟೆ. ಗುಂಯ್ ಎನ್ನುತ್ತಿತ್ತು.

"ತಡೀರಿ ಮಾಮಾ, ಒಳಗ ತಿರಗಾಕತ್ತೈತಿ. ಸಕ್ಕರಿ ನೋಡೂಣು."

ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಪಾತಾಳಕ್ಕಿಳಿದಿತ್ತು. ಇನ್ನೂ ನುಂಗುವ ಶಕ್ತಿಯಿತ್ತು. ಬೆಲ್ಲದ ನೀರನ್ನು ಚಮಚ ಚಮಚವಾಗಿ ಕುಡಿಸಿದೆ. ಅರ್ಧ ಅವಳ ಸೀರೆಯ ಮೇಲೆ ಚೆಲ್ಲಿತು. ಬಹಳ ಹೊತ್ತಿನ ಮೇಲೆ, "ಯಾಕ ಅಳಾಕತ್ತೀರಿ" ಎಂದು ಕೇಳಿದಳು.

ವೈದ್ಯರು ಬಂದು, "ಸೋತ ಮೈಗೆ ಬೇಕಾಗಿದ್ದ ಇನ್ಸುಲಿನ್ ಇದು. ಈಗ ರಕ್ತ ಛಲೋ ಹರೀತೈತಿ, ಇಷ್ಟು ಬ್ಯಾಡ. ಮೊದಲ ಇಳಿಸಬೇಕಿತ್ತು" ಎಂದು ಪ್ರಮಾಣ ಕಡಿಮೆ ಮಾಡಿದರು. ಅಕ್ಕ ಈಗ ಆರಾಮಿದ್ದಾಳೆ. ಮಗ್ಗದ ಸದ್ದು ಒಂದು ಗಳಿಗೆ ನಿಂತರೂ ನಾನು ಎದ್ದು ಹೋಗಿ ನೋಡುತ್ತೇನೆ.

ಅಜ್ಜಿ, ನಿಮ್ಮ ತಮ್ಮ ಈರಬಸಪ್ಪನವರಿಗೂ ಸಕ್ಕರೆ ಕಾಯಿಲೆಯಿತ್ತು, ಎದೆಗೆ ಪಂಪು ಕೂರಿಸಿದರು ಎಂದು ಮನೆಯ ಹಿರಿಯರು ಹೇಳುತ್ತಾರೆ. ಮುಂದೇನಾಯಿತೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಅದೇ ನನ್ನ ಹೆದರಿಕೆ. ಅವರು ಗೆಲುವಾದರೆಂದು ನಿಶ್ಚಿಂತರಾಗಬೇಡಿ. ಇನ್ಸುಲಿನ್ ಈಗ ಎಷ್ಟು ಬೇಕೆಂದು ವೈದ್ಯರನ್ನು ಕೇಳಿ, ಅವರು ಅವಸರದಲ್ಲಿದ್ದರೂ ಬಿಡದೆ ಕೇಳಿ. ಮೈ ಬೆವತು ಮಾತು ತಪ್ಪಿದರೆ ಸಕ್ಕರೆಯನ್ನೂ ನೋಡಿ. ಈ ಕಾಗದ ಕೈಸೇರುವ ಹೊತ್ತಿಗೆ ನಿಮ್ಮ ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದರೆ, ಓದುವುದನ್ನು ಬಿಟ್ಟು ಮೊದಲು ಅವರ ಬಳಿ ಹೋಗಿ.

ನಿಮ್ಮ ವಂಶದ,
ಮಂಗಳಗೌರಿ