ಹೊಲಿಗೆ ಡಬ್ಬಿಯ ತಳ

ಮನೆ ಮಾಲೀಕರಿಗೆ,

ಮೇಲಿನ ಮನೆಯ ಟೈಲರಮ್ಮನ ನಮಸ್ಕಾರ.

ನಿನ್ನೆ ಮೆಟ್ಟಿಲ ಬಳಿ ನೀವು ಎಲ್ಲರೆದುರಿಗೆ, "ಹೊಲಿಗೆ ಡಬ್ಬಿ ತಳದಲ್ಲಿ ಕಳ್ಳರ ಕೊಕ್ಕೆ ಇಟ್ಕೊಂಡಿದ್ದೀಯಲ್ಲಮ್ಮ, ಮನೆ ಖಾಲಿ ಮಾಡು" ಅಂದಿರಿ. ಅದಕ್ಕೆ ಉತ್ತರ ಈ ಕಾಗದ.

ಹೌದು, ಕೀಲಿಯಿಲ್ಲದೆ ಬೀಗ ತೆರೆಯುವುದನ್ನು ಕಲಿಯುತ್ತಿದ್ದೇನೆ. ನೀವು ದಿನಾ ಪದಬಂಧ ಬಿಡಿಸುತ್ತೀರಲ್ಲ, ಹಾಗೆ. ಸ್ವಂತ ಬೀಗ ಬಿಟ್ಟು ಇನ್ನೊಬ್ಬರದನ್ನು ಮುಟ್ಟಬಾರದು ಎಂಬುದೇ ಇದರ ಮೊದಲ ಪಾಠ. ನಿಮ್ಮ ಬೀಗಗಳನ್ನು ನಾನು ಕಣ್ಣೆತ್ತಿಯೂ ನೋಡಿಲ್ಲ.

ಆದರೆ ಆ ಡಬ್ಬಿಯ ತಳವನ್ನು ನನ್ನ ಗಂಡನೂ ಕಂಡಿಲ್ಲ. ನೀವು ಹೇಗೆ ಕಂಡಿರಿ? ಮಂಗಳವಾರ ನಾನು ಅಳತೆ ತೆಗೆಯಲು ಹೋಗಿದ್ದಾಗ ನಿಮ್ಮ ಕೀಲಿ ಹಾಕಿಕೊಂಡು ಒಳಗೆ ಬಂದಿರಿ. ಕೈಯಲ್ಲಿ ಕೀಲಿಯಿದ್ದರೆ ಅದು ಕಳ್ಳತನವಲ್ಲ ಎಂದು ನಿಮಗೆ ಯಾರು ಹೇಳಿದರು?

ಇಂದು ಬೆಳಿಗ್ಗೆ ಬಾಗಿಲಿಗೆ ನಾನು ಅಭ್ಯಾಸಕ್ಕೆ ಇಟ್ಟುಕೊಂಡಿದ್ದ ನನ್ನದೇ ಬೀಗ ಹಾಕಿಸಿದ್ದೇನೆ. ಅದರೊಳಗೆ ಕೀಲಿ ಹಾಕಿದಾಗ ಮೇಲೇಳುವ ಪಿನ್ನುಗಳ ನಡು ದಾರದ ರೀಲಿನ ಹಾಗೆ ಸಣ್ಣಗಿದೆ. ಕೊಕ್ಕೆ ಹಾಕಿದರೆ ಚೂರು ತಿರುಗಿ, ತೆರೆದೇಬಿಟ್ಟಿತು ಅನ್ನಿಸಿ, ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಮೂರು ತಿಂಗಳಿಂದ ಅದರ ಮುಂದೆ ಕೂತಿದ್ದೇನೆ, ನನಗೇ ಒಮ್ಮೆಯೂ ಬಗ್ಗಿಲ್ಲ. ನೀವು ಸುಮ್ಮನೆ ಕೈ ನೋಯಿಸಿಕೊಳ್ಳಬೇಡಿ.

ಮೆಟ್ಟಿಲ ಬಳಿ ಅಂದ ಮಾತನ್ನು ಅಲ್ಲೇ ನಿಂತು, ಅದೇ ಜನರೆದುರಿಗೆ ವಾಪಸ್ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ನೀವು ರಿಪೇರಿಗೆ ಕೊಟ್ಟಿದ್ದ ಪ್ಯಾಂಟಿಗೆ ಜಿಪ್ ಹಾಕಿ ಆಗಿದೆ. ಬಂದು ಬಾಗಿಲು ತಟ್ಟಿ ನಿಲ್ಲಿ. ನಾನು ಮನೆಯಲ್ಲಿದ್ದರೆ ತೆರೆಯುತ್ತೇನೆ.

ಇಂತಿ,
ಬಾಡಿಗೆ ಮನೆಯ ಒಡತಿ